ಗುಣವೋ, ರೋಗವೋ?

"ಅವನ ಗುಣವೇ ಹಾಗೆ" ಎಂಬ ಮಾತನ್ನು ಆಡದ ಮನೆ ನಮ್ಮ ಸೀಮೆಯಲ್ಲಿಲ್ಲ. ಮಂಡ್ಯದ ಪೇಟೆಯಾಗಲಿ, ಮದ್ದೂರಿನ ಸಂತೆಯಾಗಲಿ, ಮಳವಳ್ಳಿಯ ಕಡೆಯ ಹಳ್ಳಿಗಳ ಜಗಲಿಯಾಗಲಿ, ನಾಲ್ಕು ಜನ ಸೇರಿ ಐದನೆಯವನ ಸುದ್ದಿಯನ್ನೆತ್ತಿದರೆಂದರೆ, ಮಾತು ಹತ್ತು ಕಡೆ ಸುತ್ತಿ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ. ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯೂ ಅದಕ್ಕೆ ಸಾಕ್ಷಿಯಾಗಿ ಬರುತ್ತದೆ. ಇದರಿಂದ ಆಡಿದವರಿಗೆ ಸಮಾಧಾನವಾಗುವುದೇನೋ ನಿಜ. ಆದರೆ ಯಾರ ವಿಷಯವಾಗಿ ಆಡಿದರೋ ಅವರಿಗೆ ಇನ್ನು ಮಾಡತಕ್ಕ ಉಪಾಯವೇ ಇಲ್ಲವೆಂಬ ತೀರ್ಪೂ ಅದರೊಡನೆಯೇ ಆಗಿಹೋಗುತ್ತದೆ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸಬೇಕೆಂದಿದ್ದೇವೆ.

ಇದಕ್ಕೆ ಕಾರಣವಾದುದು ಮಳವಳ್ಳಿ ತಾಲ್ಲೂಕಿನ ಗೃಹಸ್ಥರೊಬ್ಬರು ಬರೆದ ಕಾಗದ. ಅವರ ಮಗಳು ಪ್ರಾಯದವಳು, ಓದಿದವಳು, ಬುದ್ಧಿವಂತೆ. ಆದರೆ ಕೆಲವು ವರ್ಷಗಳಿಂದೀಚೆಗೆ ಮನೆಯವರಿಗೆ ನೆಮ್ಮದಿಯಿಲ್ಲ. ಬೆಳಿಗ್ಗೆ ಅತ್ತಿಗೆಯನ್ನು ತಾಯಿಗಿಂತ ಹೆಚ್ಚೆಂದು ಅಪ್ಪಿಕೊಳ್ಳುವವಳು ಸಂಜೆಗೆ ಅದೇ ಅತ್ತಿಗೆಯನ್ನು ಶತ್ರುವೆನ್ನುತ್ತಾಳೆ. ಗೆಳತಿಯೊಬ್ಬಳು ಒಂದು ದಿನ ಮಾತನಾಡದಿದ್ದರೆ ಲೋಕವೇ ತನ್ನನ್ನು ತೊರೆಯಿತೆಂದು ಅಳುತ್ತಾಳೆ. ಕೋಪ ಬಂದಾಗ ತನ್ನ ಮೈಯನ್ನೇ ಗಾಯಮಾಡಿಕೊಳ್ಳುತ್ತಾಳೆ. ಎರಡು ಸಲ ವಿಷ ಕುಡಿದು ಬದುಕಿಕೊಂಡಿದ್ದಾಳೆ. ತಾಯಿತ ಕಟ್ಟಿಸಿದ್ದಾಯಿತು, ಹರಕೆ ಹೊತ್ತದ್ದಾಯಿತು. ಎರಡನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ಮನೋವೈದ್ಯರು ನೋಡಿ, ಚೀಟಿಯಲ್ಲಿ 'ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್' ಎಂದು ಬರೆದರಂತೆ. ಇಂಗ್ಲಿಷ್ ಬಲ್ಲ ನೆಂಟರೊಬ್ಬರು ಅದಕ್ಕೆ 'ಅರೆಹುಚ್ಚು' ಎಂದು ಅರ್ಥ ಹೇಳಿದರು. ಇನ್ನೊಬ್ಬರು, "ರೋಗವೂ ಇಲ್ಲ ಗೀಗವೂ ಇಲ್ಲ, ಮುದ್ದು ಹೆಚ್ಚಾಗಿ ಬಂದ ಕೊಬ್ಬು" ಎಂದರು. "ಮೇಷ್ಟರೇ, ಇದು ಗುಣವೋ ರೋಗವೋ? ರೋಗವಾದರೆ ವಾಸಿಯಾಗುವುದೋ? ಗಂಡಿನ ಕಡೆಯವರಿಗೆ ಹೇಳಬೇಕೋ ಬೇಡವೋ?" ಎಂದು ಆ ತಂದೆ ಕೇಳಿದ್ದಾರೆ.

ನಾವು ವೈದ್ಯರಲ್ಲ, ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠ ಹೇಳಿದವರು. ಚಿಕಿತ್ಸೆಯನ್ನು ವಿಧಿಸಲು ನಮಗೆ ಅಧಿಕಾರವಿಲ್ಲ. ಬಲ್ಲವರು ಬರೆದುದನ್ನು ಓದಿ ಮನೆಯ ಮಾತಿನಲ್ಲಿ ತಿಳಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲವೆಂದು ಭಾವಿಸಿದ್ದೇವೆ.

ಮೊದಲು ಪದವನ್ನು ನೋಡೋಣ. ಸಂಸ್ಕೃತ ಓದಿದವರಿಗೆ ಈ ಚಪಲ ಬಿಡದು. 'ಪರ್ಸನಾಲಿಟಿ' ಎಂಬುದು ಲ್ಯಾಟಿನ್ ಭಾಷೆಯ 'ಪರ್ಸೋನಾ' ಎಂಬುದರಿಂದ ಬಂದುದು. ಅದು ನಾಟಕದಲ್ಲಿ ನಟನು ಧರಿಸುವ ಮುಖವಾಡದ ಹೆಸರು. ನಮ್ಮ 'ವ್ಯಕ್ತಿ' ಎಂಬುದಾದರೋ 'ಅಂಜ್' ಧಾತುವಿಗೆ 'ವಿ' ಉಪಸರ್ಗ ಸೇರಿ ಆದುದು. ಹೊರಕ್ಕೆ ಪ್ರಕಟವಾದದ್ದು ಎಂದರ್ಥ. ಒಂದು ಮುಚ್ಚುವುದನ್ನು ಹೇಳುತ್ತದೆ, ಮತ್ತೊಂದು ತೆರೆಯುವುದನ್ನು. ಹಾಗಿರಲಿ. ಮನುಷ್ಯನು ಯೋಚಿಸುವ ರೀತಿ, ಸುಖದುಃಖಗಳನ್ನು ಅನುಭವಿಸುವ ರೀತಿ, ಇತರರೊಡನೆ ನಡೆದುಕೊಳ್ಳುವ ರೀತಿ, ತನ್ನ ಆವೇಗಕ್ಕೆ ಕಡಿವಾಣ ಹಾಕುವ ರೀತಿ, ಇವು ಬಹುಕಾಲ ಒಂದೇ ತೆರನಾಗಿ ನಿಂತರೆ ಅದು ವ್ಯಕ್ತಿತ್ವ. ಈ ರೀತಿಯೇ ಸುತ್ತಲಿನ ಸಮಾಜದ ವಾಡಿಕೆಗೆ ಬಹುದೂರವಾಗಿ, ಯೌವನದಲ್ಲಿಯೇ ಬೇರೂರಿ, ಯಾವ ಸಂದರ್ಭಕ್ಕೂ ಬಾಗದೆ, ತನಗೋ ತನ್ನವರಿಗೋ ತೀರದ ಸಂಕಟವನ್ನುಂಟುಮಾಡಿದರೆ, ಅದಕ್ಕೆ ವ್ಯಕ್ತಿತ್ವದೋಷವೆಂದು ಹೆಸರು.

ಮನುಷ್ಯರ ಸ್ವಭಾವಗಳನ್ನು ವಿಂಗಡಿಸುವ ಕೆಲಸ ನಮ್ಮವರಿಗೆ ಹೊಸದಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಸತ್ತ್ವವು, ಎಂದರೆ ಮನಸ್ಸು, ಹದಿನಾರು ಬಗೆಯೆಂದು ಹೇಳಿದೆ: ಶುದ್ಧವಾದವು ೭, ರಾಜಸವಾದವು ೬, ತಾಮಸವಾದವು ೩. ಕೆರಳಿದಾಗ ಶೂರನೂ ಕೆರಳದಾಗ ಅಂಜುಬುರುಕನೂ ಆದವನು ಸರ್ಪಸತ್ತ್ವನು. ಒಂದೆಡೆ ನಿಲ್ಲದೆ, ಏನನ್ನೂ ಸಹಿಸದೆ, ಕೂಡಿಡುವುದನ್ನರಿಯದೆ ಇರುವವನು ಪಕ್ಷಿಯ ಸತ್ತ್ವದವನು. ಓದುವಾಗ ನೆರೆಹೊರೆಯವರ ಮುಖಗಳು ಕಣ್ಣಮುಂದೆ ಬರುತ್ತವೆ. ಆದರೆ ಆಚಾರ್ಯನು ಇವನ್ನು ರೋಗವೆಂದು ಹೇಳಲಿಲ್ಲ; ಉನ್ಮಾದವನ್ನು ನಿದಾನಸ್ಥಾನದಲ್ಲಿ ಬೇರೆಯಾಗಿಯೇ ವಿವರಿಸಿದನು. ಅಲ್ಲಿ ಕೆಡತಕ್ಕ ಎಂಟನ್ನು ಎಣಿಸುವಾಗ ಬುದ್ಧಿ, ಸ್ಮೃತಿಗಳ ಜೊತೆಗೆ ಶೀಲವನ್ನೂ ಸೇರಿಸಿದ್ದಾನೆಂಬುದು ಗಮನಿಸತಕ್ಕ ವಿಷಯ. ಇಂದಿನ ವಿಜ್ಞಾನವೆಲ್ಲವೂ ಚರಕನಲ್ಲಿಯೇ ಇತ್ತೆನ್ನುವವರ ಗುಂಪಿಗೆ ನಾವು ಸೇರಿದವರಲ್ಲ. ಗುಣವೆಂಬ ಗದ್ದೆಗೂ ಉನ್ಮಾದವೆಂಬ ಗದ್ದೆಗೂ ನಡುವೆ ಒಂದು ಬದುವಿದೆಯೆಂದು ಹಳಬರಿಗೂ ಗೊತ್ತಿತ್ತು. ಆ ಬದುವಿನ ಮೇಲೆ ಇರುವವರ ಪಾಡೇನೆಂಬುದನ್ನು ವಿಚಾರಿಸಿದವರು ಈಚಿನವರು, ಇಷ್ಟೇ.

ಈಚಿನವರೆಂದರೂ ಇನ್ನೂರು ವರ್ಷಗಳಷ್ಟಾಗುತ್ತ ಬಂತು. ಬುದ್ಧಿ ನೆಟ್ಟಗಿದ್ದು ನಡತೆ ಮಾತ್ರ ಕೆಟ್ಟವರನ್ನು ಇಂಗ್ಲೆಂಡಿನ ಪ್ರಿಚರ್ಡ್ ಎಂಬ ವೈದ್ಯನು ೧೮೩೫ರಲ್ಲಿ ವರ್ಣಿಸಿದನು. ೧೯೨೩ರಲ್ಲಿ ಜರ್ಮನಿಯ ಕುರ್ಟ್ ಶ್ನೈಡರ್, ತಮ್ಮ ಸ್ವಭಾವದಿಂದ ತಾವೇ ನರಳುವವರು ಅಥವಾ ಇತರರನ್ನು ನರಳಿಸುವವರು ಎಂದು ಇವರ ಲಕ್ಷಣವನ್ನು ಹೇಳಿದನು. ನಮ್ಮ ಮೈಸೂರು ಸೀಮೆಯೂ ಹಿಂದೆ ಬೀಳಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ೧೯೨೪ರಲ್ಲಿಯೇ ಮನಶ್ಶಾಸ್ತ್ರದ ವಿಭಾಗವು ಆರಂಭವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ ಮುಂದೆ ೧೯೩೫ರಲ್ಲಿ ಮೈಸೂರಿನಲ್ಲಿ ಬಾನುಲಿಯನ್ನೂ ಹುಟ್ಟುಹಾಕಿದರು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ, ೧೯೭೪ರಲ್ಲಿ ನಿಮ್ಹಾನ್ಸ್ ಎಂಬ ಹೆಸರಿನ ದೊಡ್ಡ ಸಂಸ್ಥೆಯಾಯಿತು. 'ಕೊರವಂಜಿ'ಯಿಂದ ನಾಡನ್ನು ನಗಿಸಿದ ವೈದ್ಯರಾದ ಎಂ. ಶಿವರಾಂ ಅವರು ಮನಸ್ಸಿನ ವಿಷಯವಾಗಿ ಬರೆದ 'ಮನಮಂಥನ'ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆದುದರಿಂದ ಈ ವಿಚಾರ ಕನ್ನಡಿಗರಿಗೆ ಪರದೇಶದ ಸರಕೆಂದು ಯಾರೂ ತಳ್ಳಿಹಾಕಬೇಕಾದುದಿಲ್ಲ.

ಇನ್ನು ಬಗೆಗಳು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು ೧೯೮೦ರಿಂದ ಈ ದೋಷಗಳನ್ನು ಮೂರು ಗುಂಪುಗಳಾಗಿ ಹೇಳುತ್ತ ಬಂದಿದೆ. ೨೦೧೩ರ ಆವೃತ್ತಿಯಲ್ಲಿ ಹತ್ತು ಬಗೆಗಳುಂಟು. ಮೊದಲನೆಯ ಗುಂಪಿನವರು ಲೋಕಕ್ಕೆ ವಿಚಿತ್ರವಾಗಿ ಕಾಣುವವರು. ಅವರಲ್ಲಿ ನಮ್ಮ ಸೀಮೆಯವರು ಸುಲಭವಾಗಿ ಗುರುತಿಸಬಹುದಾದವನು ಶಂಕಾಶೀಲನು. ನಾಲೆಯ ನೀರಿನ ಸರದಿ, ಗದ್ದೆಯ ಬದು, ಕಬ್ಬಿನ ತೂಕ, ಇವುಗಳ ನಡುವೆ ಬದುಕುವ ರೈತನಿಗೆ ಸಂದೇಹವು ಬೇಕಾದುದೇ. ತೂಕದಲ್ಲಿ ಒಮ್ಮೆ ಮೋಸಹೋದವನು ಎರಡನೆಯ ಸಲ ತಕ್ಕಡಿಯನ್ನೇ ದಿಟ್ಟಿಸಿ ನಿಂತರೆ ಅವನು ಜಾಣ, ರೋಗಿಯಲ್ಲ. ಆದರೆ ಸರ್ವೆಯವರು ಅಳೆದು ಕಲ್ಲು ನೆಟ್ಟ ಮೇಲೂ ಒಪ್ಪದವನು, ಅಣ್ಣನು ಹಬ್ಬಕ್ಕೆ ಕರೆದರೆ ಅದರಲ್ಲಿಯೂ ಒಳಸಂಚನ್ನು ಕಾಣುವವನು, ಹೆಂಡತಿಯು ತವರಿನವರೊಡನೆ ಮಾತನಾಡಿದರೆ ಫೋನನ್ನು ಕಸಿದು ನೋಡುವವನು, ಇಪ್ಪತ್ತು ವರ್ಷದ ಹಿಂದೆ ಯಾರೋ ಆಡಿದ ಮಾತನ್ನು ಇಂದಿಗೂ ಗಂಟುಹಾಕಿಕೊಂಡು ಮಂಡ್ಯದ ನ್ಯಾಯಾಲಯಕ್ಕೆ ಅಲೆದು, ಒಂದು ಗುಂಟೆಯ ವ್ಯಾಜ್ಯಕ್ಕೆ ಒಂದು ಎಕರೆಯನ್ನು ಕಳೆಯುವವನು, ಇಂಥವನಿಗೆ ಸಂದೇಹವು ಕಾವಲು ಕಾಯುತ್ತಿಲ್ಲ; ಅದೇ ಬೆಳೆಯನ್ನು ಮೇಯುತ್ತಿದೆ. ಇದೇ ಗುಂಪಿನಲ್ಲಿ ಯಾರ ಸಹವಾಸವನ್ನೂ ಬಯಸದ ಒಂಟಿಗರೂ, ವಿಲಕ್ಷಣ ನಂಬಿಕೆಗಳಲ್ಲಿಯೇ ಮುಳುಗಿದವರೂ ಸೇರುತ್ತಾರೆ. ಇಲ್ಲಿ ಒಂದು ಎಚ್ಚರಿಕೆ: ಮಾರಿಹಬ್ಬದಲ್ಲಿ ಮೈಮೇಲೆ ದೇವರು ಬಂದಿತೆಂಬ ಮಾತ್ರಕ್ಕೆ ಯಾರೂ ಈ ಪಟ್ಟಿಗೆ ಸೇರುವುದಿಲ್ಲ. ಊರಿನ ವಾಡಿಕೆಯಲ್ಲಿರುವುದನ್ನು ದೋಷವೆನ್ನಬಾರದೆಂದು ವೈದ್ಯರ ಕೈಪಿಡಿಗಳೇ ಹೇಳುತ್ತವೆ.

ಮೂರನೆಯ ಗುಂಪನ್ನು ಮೊದಲು ಮುಗಿಸಿಬಿಡೋಣ. ಇವರು ಭಯದಿಂದ ನಡೆಯುವವರು. ಜನರು ಹೀಯಾಳಿಸುವರೆಂದು ಮದುವೆಮನೆಗೂ ಕಾಲಿಡದವರು ಒಬ್ಬರು. ಯಾವ ಸೀರೆ ಉಡಬೇಕೆಂಬುದನ್ನು ಸಹ ಇನ್ನೊಬ್ಬರೇ ಹೇಳಬೇಕಾದ ಪರಾವಲಂಬಿಗಳು ಮತ್ತೊಬ್ಬರು. ಗಂಡನಿಗೆ ಎದುರಾಡದವಳೇ ಸುಶೀಲೆಯೆಂದು ಹೊಗಳುವ ನಮ್ಮ ಸಮಾಜದಲ್ಲಿ ಈ ಎರಡನೆಯವರ ಸಂಕಟ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನುಳಿದವರು ಕ್ರಮಪ್ರಿಯರು, ಎಲ್ಲವೂ ಗೆರೆ ಎಳೆದಂತೆ ಇರಬೇಕು, ಸಣ್ಣ ನಿಯಮಕ್ಕಾಗಿ ದೊಡ್ಡ ಕೆಲಸ ಕೆಟ್ಟರೂ ಚಿಂತೆಯಿಲ್ಲ. ಈ ವರ್ಗದಲ್ಲಿ ನಮ್ಮ ಉಪಾಧ್ಯಾಯರ ಕುಲದವರು ಬೇಕಾದಷ್ಟು ಮಂದಿ ಸಿಕ್ಕುವರೆಂದು ಹೇಳಿದರೆ ಮಿತ್ರರು ಕ್ಷಮಿಸಬೇಕು. ಕೈಯನ್ನು ಹತ್ತು ಸಲ ತೊಳೆಯುವ ಗೀಳುರೋಗವೇ ಬೇರೆ, ಇದೇ ಬೇರೆ. ಗೀಳಿನವನಿಗೆ ತಾನು ಮಾಡುತ್ತಿರುವುದು ಅತಿಯೆಂದು ಸಾಮಾನ್ಯವಾಗಿ ಗೊತ್ತಿರುತ್ತದೆ. ಕ್ರಮಪ್ರಿಯನಿಗೆ ತಪ್ಪಿರುವುದು ಲೋಕವೇ.

ಎರಡನೆಯ ಗುಂಪು ಮನೆಯಲ್ಲಿ ಗದ್ದಲವೆಬ್ಬಿಸುವಂಥದು. ಸದಾ ಎಲ್ಲರ ಕಣ್ಣೂ ತನ್ನ ಮೇಲಿರಬೇಕೆನ್ನುವ ನಾಟಕೀಯ ಸ್ವಭಾವದವರು. ತಮಗೆ ಸಮಾನರಿಲ್ಲವೆಂದು ನಂಬಿ, ಹೊಗಳಿಕೆಯಿಲ್ಲದೆ ಬದುಕಲಾರದ ಆತ್ಮರತರು. ಸುಳ್ಳಿಗೂ ಹಿಂಸೆಗೂ ಹೇಸದೆ, ಮಾಡಿದ ಮೇಲೆ ಮರುಗದೆ ಇರುವ ಸಮಾಜದ್ರೋಹಿಗಳು. ಈ ಕಡೆಯ ಹೆಸರನ್ನು ಹದಿನೆಂಟು ವರ್ಷ ತುಂಬದವರಿಗೆ ವೈದ್ಯರು ಕೊಡುವುದಿಲ್ಲ. ತರಗತಿಯ ಪುಂಡನನ್ನು ಕಂಡು "ಇವನು ಜೈಲಿಗೇ" ಎಂದು ಭವಿಷ್ಯ ನುಡಿದ ಉಪಾಧ್ಯಾಯರನ್ನು ನಾವು ಕಂಡಿದ್ದೇವೆ. ಅಂಥ ಹುಡುಗರಲ್ಲಿ ಹಲವರು ಇಂದು ಮದ್ದೂರಿನಲ್ಲಿ ಮರ್ಯಾದೆಯಿಂದ ಅಂಗಡಿ ನಡೆಸುತ್ತಿರುವುದನ್ನೂ ಕಂಡಿದ್ದೇವೆ.

ಇನ್ನುಳಿದುದು ಕಾಗದ ಬರೆದವರ ಮಗಳ ಚೀಟಿಯಲ್ಲಿರುವ ಹೆಸರು. 'ಬಾರ್ಡರ್‌ಲೈನ್' ಎಂದರೆ ಗಡಿರೇಖೆ. ೧೯೩೮ರಲ್ಲಿ ಅಡಾಲ್ಫ್ ಸ್ಟರ್ನ್ ಎಂಬ ವೈದ್ಯನು, ಆ ಕಾಲದವರು ತಿಳಿದಿದ್ದ ಎರಡು ಬಗೆಯ ಮನೋರೋಗಗಳಲ್ಲಿ ಯಾವುದಕ್ಕೂ ಪೂರ್ತಿ ಸೇರದೆ ನಡುವೆ ನಿಂತ ರೋಗಿಗಳನ್ನು ಕಂಡು ಈ ಪದವನ್ನು ಬಳಸಿದನು. ಆ ವಿಂಗಡಣೆ ಹೋಯಿತು, ಹೆಸರು ಮಾತ್ರ ಉಳಿಯಿತು. ಆದುದರಿಂದ 'ಅರೆಹುಚ್ಚು' ಎಂಬ ಅರ್ಥ ಸಲ್ಲದು. ನೆಂಟರು ಪದವನ್ನು ಬಿಡಿಸಿದರೇ ಹೊರತು ರೋಗವನ್ನು ತಿಳಿದು ಹೇಳಲಿಲ್ಲ. ಇದರ ತಿರುಳು ಭಾವಗಳ ಅಸ್ಥಿರತೆ. ನಮಗೆ ಮುಳ್ಳು ಚುಚ್ಚಿದಂತಾಗುವ ಮಾತು ಇವರಿಗೆ ಸುಟ್ಟ ಮೈಯನ್ನು ಮುಟ್ಟಿದಂತಾಗುತ್ತದೆ. ಏಳುವುದೂ ಬೇಗ, ಇಳಿಯುವುದು ಮಾತ್ರ ನಿಧಾನ. ತನ್ನವರು ತೊರೆದುಹೋಗುವರೆಂಬ ಭಯ ಸದಾ ಕಾಡುತ್ತಿರುತ್ತದೆ. ಆ ಭಯದಿಂದ ಆಡಿದ ಮಾತೇ ತನ್ನವರನ್ನು ದೂರಮಾಡುತ್ತದೆ. ಮೈಯನ್ನು ಗಾಯಮಾಡಿಕೊಳ್ಳುವುದನ್ನು 'ನಾಟಕ'ವೆನ್ನುವವರು ಒಂದು ವಿಷಯವನ್ನು ತಿಳಿಯಬೇಕು: ಬಹುಮಂದಿ ರೋಗಿಗಳು ಅದನ್ನು ಇತರರಿಗೆ ತೋರಿಸುವುದಕ್ಕಲ್ಲ, ತಾಳಲಾರದ ಒಳಗಿನ ಉರಿಯನ್ನು ಕ್ಷಣಮಾತ್ರ ಆರಿಸುವುದಕ್ಕೆ ಮಾಡಿಕೊಳ್ಳುತ್ತಾರೆ. ನಾಟಕವೆಂದು ಕಡೆಗಣಿಸಿದ ಮನೆಗಳಲ್ಲಿ ಕಡೆಗೆ ಹೆಣವೆತ್ತಿದ್ದುಂಟು.

ಹಾಗಾದರೆ ಗುಣವೋ ರೋಗವೋ? ಈ ಪ್ರಶ್ನೆಗೆ ಹೆಸರುಗಳ ಪಟ್ಟಿಯಲ್ಲಿ ಉತ್ತರ ದೊರೆಯುವುದಿಲ್ಲ. ಮೇಲಣ ಹತ್ತು ಬಗೆಗಳನ್ನು ಓದಿ ತಮ್ಮ ಅತ್ತೆಗೊಂದು, ಭಾವಮೈದುನನಿಗೊಂದು ಹೆಸರನ್ನು ಆಗಲೇ ಹಂಚಿಬಿಟ್ಟ ವಾಚಕರೂ ಇರಬಹುದು. ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಿಂದ ಜಾರಿಗೆ ತಂದಿರುವ ಹೊಸ ವರ್ಗೀಕರಣದಲ್ಲಿ ಈ ಹೆಸರುಗಳನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟಿದೆ. ಅಲ್ಪ, ಮಧ್ಯಮ, ತೀವ್ರ ಎಂದು ಮೊದಲು ಪ್ರಮಾಣವನ್ನು ಅಳೆಯಬೇಕು. ಆಮೇಲೆ ಸ್ವಭಾವದ ಎಳೆಗಳು ಯಾವುವೆಂದು ನೋಡಬೇಕು. ಗಡಿರೇಖೆಯ ಲಕ್ಷಣವೊಂದನ್ನು ಮಾತ್ರ ವಿಶೇಷವಾಗಿ ಸೂಚಿಸಲು ಅವಕಾಶವಿಟ್ಟಿದೆ. ನಮಗೆ ಇದೇ ಸರಿಯೆಂದು ತೋರುತ್ತದೆ. ಸಂದೇಹವೂ ಕೋಪವೂ ಅಚ್ಚುಕಟ್ಟೂ ಎಲ್ಲರಲ್ಲಿಯೂ ಉಂಟು. ಎಷ್ಟು ಉಂಟು, ಬೇಕಾದಾಗ ಬಾಗುತ್ತದೆಯೋ ಇಲ್ಲವೋ, ಎಂಬುದೇ ಪ್ರಶ್ನೆ. ಮನೆಯಲ್ಲಿ, ಕೆಲಸದಲ್ಲಿ, ಗೆಳೆತನದಲ್ಲಿ, ಎಲ್ಲೆಡೆಯಲ್ಲಿಯೂ ಒಂದೇ ತೊಡಕು ವರ್ಷಾನುಗಟ್ಟಲೆ ಮರಳಿ ಮರಳಿ ಬರುತ್ತಿದ್ದರೆ ವೈದ್ಯರನ್ನು ಕಾಣಬೇಕು. ಒಬ್ಬ ಅತ್ತೆಯೊಡನೆ ಮಾತ್ರ ಹೊಂದದ ಸೊಸೆಗೆ ರೋಗವಿದೆಯೆಂದು ಹೇಳಲಾಗದು. ಕೆಲವು ಅತ್ತೆಯರೊಡನೆ ಯಾರೂ ಹೊಂದಲಾರರು.

ಕಾರಣವನ್ನು ಕುರಿತು ಎರಡು ಮಾತು ಸಾಕು. ಅವಳಿಮಕ್ಕಳ ಅಧ್ಯಯನಗಳಿಂದ ಅನುವಂಶದ ಪಾಲು ಸಣ್ಣದಲ್ಲವೆಂದು ತಿಳಿದುಬಂದಿದೆ. ಬಾಲ್ಯದ ಹಿಂಸೆ, ಅನಾದರ, ಲೈಂಗಿಕ ದೌರ್ಜನ್ಯಗಳ ಪಾಲೂ ಸಣ್ಣದಲ್ಲ. ಆದರೆ ಮಗಳಿಗೆ ಹೀಗಾಯಿತೆಂದ ಮಾತ್ರಕ್ಕೆ ತಂದೆತಾಯಿಗಳೇ ತಪ್ಪಿತಸ್ಥರೆಂದು ತೀರ್ಮಾನಿಸುವುದು ಅನ್ಯಾಯ.

ವಾಸಿಯಾಗುವುದೇ ಎಂಬುದು ಎರಡನೆಯ ಪ್ರಶ್ನೆ. ಗಾದೆ ಇಲ್ಲಿ ಸೋಲುತ್ತದೆಯೆಂದು ಸಂತೋಷದಿಂದ ತಿಳಿಸುತ್ತೇವೆ. ಅಮೆರಿಕದ ಬಾಸ್ಟನ್ ನಗರದ ಬಳಿಯ ಮೆಕ್ಲೀನ್ ಆಸ್ಪತ್ರೆಯಲ್ಲಿ ೧೯೯೨ರಿಂದ ಇಂಥ ೨೯೦ ರೋಗಿಗಳನ್ನು ಬಹುವರ್ಷ ಹಿಂಬಾಲಿಸಿ ನೋಡಿದರು. ಹತ್ತು ವರ್ಷಗಳೊಳಗಾಗಿ ಅವರಲ್ಲಿ ಬಹುಪಾಲಿನವರ ಲಕ್ಷಣಗಳು ರೋಗವೆನ್ನುವ ಮಟ್ಟಕ್ಕಿಂತ ಕೆಳಗಿಳಿದಿದ್ದವು. ಉದ್ಯೋಗದಲ್ಲಿಯೂ ಬಾಂಧವ್ಯದಲ್ಲಿಯೂ ಗಟ್ಟಿಯಾಗಿ ನೆಲೆನಿಂತವರ ಸಂಖ್ಯೆ ಅಷ್ಟು ದೊಡ್ಡದಲ್ಲವೆಂಬುದನ್ನೂ ಮರೆಮಾಚಬಾರದು. ಈ ದೋಷಕ್ಕೆಂದೇ ಗೊತ್ತುಮಾಡಿದ ಗುಳಿಗೆಯಿಲ್ಲ. ಜೊತೆಗೂಡಿದ ಖಿನ್ನತೆ ಮೊದಲಾದವುಗಳಿಗೆ ಔಷಧವನ್ನು ಕೊಡುತ್ತಾರೆ. ಮುಖ್ಯವಾದುದು ಮಾತಿನ ಚಿಕಿತ್ಸೆ. ಮಾರ್ಷಾ ಲಿನೆಹನ್ ಎಂಬ ವಿದುಷಿಯು ರೂಪಿಸಿ ೧೯೯೩ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ಕ್ರಮದಲ್ಲಿ, ರೋಗಿಯ ನೋವನ್ನು ನಿಜವೆಂದು ಒಪ್ಪುವುದು, ನಡತೆಯನ್ನು ಬದಲಾಯಿಸಿಕೊಳ್ಳಲು ಕಲಿಸುವುದು, ಎರಡೂ ಜೊತೆಜೊತೆಯಾಗಿ ಸಾಗುತ್ತವೆ. ಆವೇಗ ಬಂದಾಗ ತಡೆಯುವ ಬಗೆಯನ್ನು ಮಗ್ಗಿ ಕಲಿಸಿದಂತೆ ಕಲಿಸುತ್ತಾರೆ. ತಾನೂ ಯೌವನದಲ್ಲಿ ಇದೇ ಸಂಕಟದಿಂದ ಆಸ್ಪತ್ರೆಯಲ್ಲಿದ್ದವಳೆಂದು ಆಕೆ ೨೦೧೧ರಲ್ಲಿ ಬಹಿರಂಗವಾಗಿ ಹೇಳಿದಳು. ಆ ತಂದೆ ಇದನ್ನು ಮಗಳಿಗೆ ಓದಿ ಹೇಳಬಹುದು.

ಈಗ ಮನೆಯವರು ಮಾಡತಕ್ಕದ್ದು. ಎಲ್ಲಕ್ಕಿಂತ ಮೊದಲು, ಹೊಲಗದ್ದೆಗಳಿಗೆಂದು ತಂದ ಕೀಟನಾಶಕವು ಮನೆಯಲ್ಲಿರಕೂಡದು. ಅಟ್ಟದ ಮೇಲೆ, ಬಚ್ಚಲ ಮೂಲೆಯಲ್ಲಿ, ಅಕ್ಕಿಮೂಟೆಯ ಪಕ್ಕದಲ್ಲಿ ಡಬ್ಬಿಯಿಡುವ ಅಭ್ಯಾಸವು ನಮ್ಮ ಕಬ್ಬು ಭತ್ತದ ಸೀಮೆಯಲ್ಲಿ ಎಷ್ಟು ಮನೆಗಳನ್ನು ಹಾಳುಮಾಡಿದೆಯೆಂಬುದನ್ನು ಹೇಳಬೇಕಾದುದಿಲ್ಲ. ನೆರೆಯ ಸಿಂಹಳದ್ವೀಪದಲ್ಲಿ ೧೯೯೦ರ ದಶಕದಲ್ಲಿ ಅತಿ ಘೋರವಾದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ, ಆತ್ಮಹತ್ಯೆಯ ಪ್ರಮಾಣವು ಹತ್ತೇ ವರ್ಷಗಳಲ್ಲಿ ಅರ್ಧಕ್ಕಿಳಿಯಿತು. ಜನರ ದುಃಖ ಅರ್ಧಕ್ಕಿಳಿದಿರಲಾರದು. ಕೈಗೆ ಸಿಕ್ಕದೆ ಹೋದದ್ದು ವಿಷ. ಆವೇಗದ ಗಳಿಗೆ ಕಳೆದರೆ ಪ್ರಾಣ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಗುಳಿಗೆಗಳೂ ಒಬ್ಬರ ವಶದಲ್ಲಿ ಬೀಗದೊಳಗಿರಲಿ.

ಕುಡಿದದ್ದೇ ಆದರೆ ಪೊಲೀಸರಿಗೆ ಹೆದರಿ ಮುಚ್ಚಿಡಬಾರದು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷಿಸದಿರಬೇಕೆಂದು ವಿಧಿಸಿತು. ೨೦೨೪ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯಲ್ಲಿ ಆ ಹಳೆಯ ೩೦೯ನೆಯ ಸೆಕ್ಷನ್ನನ್ನು ಉಳಿಸಿಕೊಂಡಿಲ್ಲ. ೧೦೮ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಜೊತೆಗೆ ಕೊಂಡೊಯ್ದು, ಇದ್ದದ್ದನ್ನು ಇದ್ದಂತೆ ವೈದ್ಯರಿಗೆ ಹೇಳಬೇಕು. ಉಳಿದ ದಿನಗಳಿಗಾಗಿ ೧೪೪೧೬ ಎಂಬ ಟೆಲಿಮಾನಸ್ ಸಂಖ್ಯೆಯುಂಟು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಇದರಲ್ಲಿ ಹಣವಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು. ಮಂಡ್ಯದಲ್ಲಿ ೨೦೦೬ರಲ್ಲಿ ಸ್ಥಾಪಿತವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯಶಾಖೆಯಿದೆ. ಮದ್ದೂರು, ಮಳವಳ್ಳಿಗಳವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನವನ್ನು ಮೊದಲು ವಿಚಾರಿಸಿಕೊಂಡು ಹೋಗುವುದು ಮೇಲು. ಮಾತಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸಿಗೆ ಹೋ ಎಂದರೆ ಹಿಂಜರಿಯಬಾರದು. ಒಂದೆರಡು ಭೇಟಿಗೆ ಫಲ ಕಾಣದೆಂದು ಮಾತ್ರ ಮೊದಲೇ ತಿಳಿದಿರಬೇಕು.

ಮದುವೆಯ ಪ್ರಶ್ನೆಗೆ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ: ಈಗ ಬೇಡ. ಮದುವೆಯಾದರೆ ಸರಿಹೋಗುವುದೆಂಬ ಮಾತಿನಿಂದ ಸರಿಹೋದ ಹುಡುಗಿಯನ್ನು ನಾವು ಕಂಡಿಲ್ಲ. ತೊರೆದುಹೋಗುವರೆಂಬ ಭಯವೇ ರೋಗವಾದವಳನ್ನು ಗುರುತಿಲ್ಲದ ಮನೆಗೆ ಕಳುಹಿಸುವುದು ಚಿಕಿತ್ಸೆಯಲ್ಲ. ಆಕೆಯು ಸ್ಥಿಮಿತಕ್ಕೆ ಬಂದ ಮೇಲೆ, ಆಕೆಗೇ ಇಷ್ಟವಾದರೆ, ಆಕೆಯ ಒಪ್ಪಿಗೆಯಿಂದ ಇದ್ದದ್ದನ್ನು ಹೇಳಿ ಮಾಡಬೇಕು. ಕಾನೂನಿನ ಹೆದರಿಕೆಯನ್ನು ಹುಟ್ಟಿಸುವವರೂ ಇರುತ್ತಾರೆ. ಹಿಂದೂ ವಿವಾಹ ಕಾಯಿದೆಗೆ ೧೯೭೬ರಲ್ಲಿ ಆದ ತಿದ್ದುಪಡಿಯಲ್ಲಿ ವಿಚ್ಛೇದನದ ಕಾರಣಗಳೊಳಗೆ ಇಂಥ ಮನೋದೋಷಗಳ ಪ್ರಸ್ತಾಪವುಂಟೆಂಬುದು ನಿಜ. ಆದರೆ ರೋಗದ ಹೆಸರು ಸಾಲದು, ಜೊತೆಯಲ್ಲಿ ಬಾಳಲಾರದಷ್ಟು ಅದು ಬಲಿತಿದೆಯೇ ಎಂಬುದನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೮೮ರಲ್ಲಿ, ರಾಮನಾರಾಯಣ ಗುಪ್ತರ ಮೊಕದ್ದಮೆಯಲ್ಲಿ, ತೀರ್ಪಿತ್ತಿದೆ. ವೈದ್ಯರು ಬಹುಕಾಲದ ಮೇಲೆ ಮುಟ್ಟಿದ ಅಭಿಪ್ರಾಯವನ್ನು ನ್ಯಾಯಾಧೀಶರು ಮೊದಲೇ ಮುಟ್ಟಿದ್ದರು.

ಕಾಗದದ ಕೊನೆಯಲ್ಲಿ, ಹುಡುಗಿಯ ತಾಯಿ ಒಂದು ವರ್ಷದಿಂದ ಮಗಳ ಕೋಣೆಯ ಬಾಗಿಲಲ್ಲಿಯೇ ಮಲಗುತ್ತಾಳೆಂದು ಒಂದು ಸಾಲು ಬರೆದಿದ್ದಾರೆ. ಇದು ಬಹುಕಾಲ ನಡೆಯತಕ್ಕದ್ದಲ್ಲ. ತಂದೆಯೂ ಅಣ್ಣನೂ ಅತ್ತಿಗೆಯೂ ಸರದಿಯ ಮೇಲೆ ಆ ಕಾವಲನ್ನು ವಹಿಸಿಕೊಳ್ಳಬೇಕು. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ತಾಯಿಯನ್ನೂ ಕರೆದುಕೊಂಡು ಹೋಗಿ, ಆಕೆಗೂ ಮಾತನಾಡಲು ಹತ್ತು ನಿಮಿಷ ಕೇಳಬೇಕು. ಆ ತಾಯಿಯ ತಂಗಿಯ ಮನೆ ಮದ್ದೂರಿನಲ್ಲಿದೆಯಂತೆ. ಒಂದು ವಾರದ ಮಟ್ಟಿಗೆ ಅಲ್ಲಿಗೆ ಹೋಗಿ ಮಲಗಿ ನಿದ್ರೆಮಾಡಿ ಬರಲಿ. ಆ ವಾರ ಮಗಳ ಔಷಧದ ಪೆಟ್ಟಿಗೆಯ ಬೀಗದ ಕೈ ತಂದೆಯ ಜೇಬಿನಲ್ಲಿರಲಿ.